ಬಾಗಿಲಿಲ್ಲದ ಕೋಣೆಯಲ್ಲಿ ನೆದ್ಕಾ ಸಾರಂದೆವಾ

ನಮ್ಮ ಗಾಬ್ರೊವೊ ಪಟ್ಟಣದಲ್ಲಿ ಮನೆ ಬೆಚ್ಚಗಿಡುವ ವಿದ್ಯೆ ಬಲ್ಲವರು ಹಲವರಿದ್ದಾರೆ; ಬಲ್ಲೆವೆಂದುಕೊಂಡವರು ಊರ ತುಂಬ ಇದ್ದಾರೆ. ಆದರೆ ನಡುವೆ ಗೋಡೆಗಳಿಲ್ಲದ ದೊಡ್ಡ ಕೋಣೆಯೊಂದರಲ್ಲಿ ಶಾಖ ಎಲ್ಲಿ ಹುಟ್ಟಿ, ಯಾವ ದಾರಿ ಹಿಡಿದು, ಯಾರ ಪಾದವನ್ನೂ ತಲುಪದೆ ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ನಲವತ್ತೊಂದು ವರ್ಷ ಬೆನ್ನಟ್ಟಿದವರು ಇಂಜಿನಿಯರ್ ನೆದ್ಕಾ ಸಾರಂದೆವಾ ಒಬ್ಬರೇ ಎಂದರೆ, ಈ ಸಂಪುಟದಲ್ಲಿ ಬರೆದಿರುವ ಉಳಿದ ಗೆಳೆಯರು ಯಾರೂ ಮುನಿಸಿಕೊಳ್ಳಲಾರರೆಂದು ನಂಬಿದ್ದೇನೆ. ಅವರ ನಿವೃತ್ತಿಯ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ನನಗೆ ಸಿಕ್ಕಿರುವುದು ಸಂತೋಷವೂ ಹೌದು, ಸ್ವಲ್ಪ ಭಯವೂ ಹೌದು. ಹೊಗಳಿಕೆ ಕಂಡರೆ ಅವರಿಗೆ ಮೊದಲು ಹುಟ್ಟುವುದು ಅನುಮಾನ. ಈ ಪುಸ್ತಕವನ್ನೂ ಅವರು, ಇದರ ಹಿಂದೆ ಯಾರದೇನು ಲಾಭವಿದೆ ಎಂದು ಕೇಳಿಕೊಂಡೇ ತೆರೆಯುತ್ತಾರೆ.

ಅನುಮಾನ ಅವರಿಗೆ ಸ್ವಭಾವವೋ ವೃತ್ತಿಯೋ ಎಂದು ನಾನು ಹತ್ತೊಂಬತ್ತು ವರ್ಷ ಯೋಚಿಸಿದ್ದೇನೆ. ವೃತ್ತಿಯಿಂದಲೇ ಬಂದಿರಬೇಕು. ೧೯೮೧ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ, ಅವರು ನದಿಯಂಚಿನ ಉಣ್ಣೆ ಗಿರಣಿಯ ಬಾಯ್ಲರ್ ವಿಭಾಗಕ್ಕೆ ಸೇರಿದರು. ಎಂಬತ್ತು ಮಗ್ಗಗಳ ಒಂದೇ ಹಜಾರ, ಆಳೆತ್ತರದ ಕಿಟಕಿಗಳು. ಉತ್ತರದ ಸಾಲಿನ ನೇಕಾರ ಹೆಂಗಸರು ಕಾಲು ಮರಗಟ್ಟುತ್ತದೆಂದು ದೂರಿದಾಗಲೆಲ್ಲ ಮೇಸ್ತ್ರಿ ಗೋಡೆಯ ಉಷ್ಣಮಾಪಕ ತೋರಿಸುತ್ತಿದ್ದನಂತೆ. "ಇಪ್ಪತ್ತು ಡಿಗ್ರಿ ಇದೆ, ಕಣ್ಣಿಲ್ವಾ? ಚಳಿಯಂತೆ ಚಳಿ! ಹರಟೆಗೆ ನೆಪ ಬೇಕು ಇವಕ್ಕೆ." ನೆದ್ಕಾ ಯಾರೊಂದಿಗೂ ವಾದಿಸಲಿಲ್ಲ. ಹಜಾರದಲ್ಲೇ ಬಿದ್ದಿದ್ದ ಉಣ್ಣೆಯ ತುಂಡುದಾರಗಳನ್ನು ತೊಲೆಯಿಂದ ನೆಲದವರೆಗೆ ಇಳಿಬಿಟ್ಟರು. ಮೇಲಿನ ದಾರ ಅಲುಗಲಿಲ್ಲ. ಕಣಕಾಲಿನ ಎತ್ತರದ ದಾರಗಳೆಲ್ಲ ಒಂದೇ ದಿಕ್ಕಿಗೆ ವಾಲಿದವು. ಕಿಟಕಿಗಾಜಿಗೆ ತಾಗಿ ತಣ್ಣಗಾದ ಗಾಳಿ ಕೆಳಗಿಳಿದು, ನೆಲ ಹಿಡಿದು, ಹೊಳೆಯ ಹಾಗೆ ಹರಿಯುತ್ತಿತ್ತು. ಮೇಸ್ತ್ರಿಯ ಉಷ್ಣಮಾಪಕ ಮೇಸ್ತ್ರಿಯ ಮೂಗಿನ ಮಟ್ಟದಲ್ಲಿತ್ತು. ಹೆಂಗಸರ ಕಾಲ ಬಳಿ ಹದಿಮೂರು ಡಿಗ್ರಿ. ಆ ಚಳಿಗಾಲವೇ ಕಿಟಕಿಗಳ ಬುಡಕ್ಕೆ ಬಿಸಿನೀರಿನ ಕೊಳವೆಗಳು ಬಂದವು. ಹೆಂಗಸರು ಹೇಳಿದ್ದನ್ನು ನಂಬುವುದು, ಗೋಡೆ ಹೇಳಿದ್ದನ್ನು ಶಂಕಿಸುವುದು: ಈ ಪದ್ಧತಿ ಅವರಿಗೆ ಅಂದಿನಿಂದ ಬಂತು.

ಗಿರಣಿ ಮುಚ್ಚಿದ ಮೇಲೆ ಅವರು ಮಾರುಕಟ್ಟೆ ಚೌಕದ ಹಿಂದೆ, ಒಂದು ಹಳೆಯ ಗುಂಡಿ ಅಂಗಡಿಯಲ್ಲಿ, ಸಲಹಾ ಕಚೇರಿ ತೆರೆದರು. ನಾನು ೨೦೦೩ರಲ್ಲಿ ಅಲ್ಲಿಗೆ ತಂತ್ರಜ್ಞೆಯಾಗಿ ಸೇರಿದೆ. ಆ ಹೊತ್ತಿಗೆ ಊರಿಗೆ ಹೊಸ ಹುಚ್ಚು ಹಿಡಿದಿತ್ತು. ಚಳಿಗಾಲದಲ್ಲಿ ಒಂದು ಒಲೆ, ಒಂದು ಬೆಚ್ಚನೆಯ ಕೋಣೆ, ಉಳಿದವಕ್ಕೆಲ್ಲ ಬೀಗ ಎಂದು ತಲೆಮಾರುಗಳಿಂದ ಬದುಕಿದ್ದ ಜನ, ಧಾರಾವಾಹಿಗಳಲ್ಲಿ ನೋಡಿದ ಮನೆಗಳ ಹಾಗೆ ಅಡುಗೆಮನೆ, ಊಟದ ಮನೆ, ಕೂರುವ ಕೋಣೆಗಳ ನಡುವಿನ ಗೋಡೆಗಳನ್ನು ಒಡೆದು ಒಂದು ಮಾಡುತ್ತಿದ್ದರು. ಮೊಗಸಾಲೆಗೂ ಗಾಜು ಹಾಕಿಸಿ ಒಳಗೆ ಸೇರಿಸಿಕೊಳ್ಳುತ್ತಿದ್ದರು. ಮೊದಲ ಹಿಮ ಬಿದ್ದ ವಾರ ನಮ್ಮ ಕಚೇರಿಯ ಮುಂದೆ ಸಾಲು ನಿಲ್ಲುತ್ತಿತ್ತು. ದೊಡ್ಡ ಬಾಯ್ಲರ್ ಮಾರುವವನು ದೊಡ್ಡ ಬಾಯ್ಲರ್ ಬೇಕೆನ್ನುತ್ತಿದ್ದ. ನೆಲದಡಿ ಕೊಳವೆ ಹಾಕುವವನು ನೆಲ ಅಗೆಯಬೇಕೆನ್ನುತ್ತಿದ್ದ. ನೆದ್ಕಾ ಇಬ್ಬರನ್ನೂ ನಂಬುತ್ತಿರಲಿಲ್ಲ. ಒಂದು ವಾರ ಅಳೆಯದೆ ಅವರು ಯಾವ ಮನೆಗೂ ಏನನ್ನೂ ಬರೆದುಕೊಟ್ಟದ್ದಿಲ್ಲ: ಕಣಕಾಲು, ಕೂತವರ ಭುಜ, ನಿಂತವರ ತಲೆ, ಹೀಗೆ ಮೂರು ಎತ್ತರ, ಬೆಳಿಗ್ಗೆ ಮತ್ತು ಸಂಜೆ.

ಅವರೊಂದಿಗೆ ಮನೆಮನೆಗೆ ಹೋಗುವುದು ಮುಜುಗರದ ಕೆಲಸವಾಗಿತ್ತು. ಬಂದವರು ಷೂ ಬಿಚ್ಚಿದ ಕೂಡಲೇ ಮನೆಯಾಕೆ ಉಣ್ಣೆಯ ಚಪ್ಪಲಿ ಮುಂದಿಡುವುದು ನಮ್ಮ ಕಡೆಯ ಮರ್ಯಾದೆ. ನೆದ್ಕಾ ಅದನ್ನು ಮುಟ್ಟುತ್ತಿರಲಿಲ್ಲ. ತೆಳ್ಳನೆಯ ಕಾಲುಚೀಲದಲ್ಲೇ, ಕಳೆದ ಸೂಜಿ ಹುಡುಕುವವರ ಹಾಗೆ, ಕೋಣೆಯ ತುಂಬ ನಿಧಾನ ನಡೆಯುತ್ತಿದ್ದರು. ನೆಲವನ್ನು ಪಾದದಿಂದ ಓದುತ್ತಿದ್ದರು. ಎಷ್ಟೋ ಗೃಹಿಣಿಯರು ನೊಂದುಕೊಂಡಿದ್ದಾರೆ. "ಏನಮ್ಮಾ, ನಮ್ಮನೆ ಚಪ್ಪಲೀಲಿ ಹುಳ ಇದ್ಯಾ?" ಎಂದು ಮುಖದ ಮೇಲೇ ಕೇಳಿದವರೂ ಉಂಟು. ಆಮೇಲೆ ನೆದ್ಕಾ ಗಂಡಸನ್ನು ಬಿಟ್ಟು ಹೆಂಗಸನ್ನು ಕೇಳುತ್ತಿದ್ದರು: "ಚಳಿ ಆದಾಗ ನೀವು ಎಲ್ಲಿ ಕೂತ್ಕೊತೀರಿ?" ಹೆಂಗಸು ತೋರಿಸಿದ ಕುರ್ಚಿ ಸಾಮಾನ್ಯವಾಗಿ ಚಿತ್ರಪತ್ರಿಕೆಯಂತಿದ್ದ ಆ ದೊಡ್ಡ ಕೋಣೆಯ ಯಾವುದೋ ಮೂಲೆಯಲ್ಲಿ, ಕಪಾಟಿನ ಮರೆಯಲ್ಲಿರುತ್ತಿತ್ತು. ಗೋಡೆ ಒಡೆಸಿದವಳು ಗೋಡೆಯ ಆಸರೆ ಹುಡುಕಿಕೊಂಡು ಕೂತಿರುತ್ತಿದ್ದಳು. ಅದನ್ನು ಆಕೆ ಗಂಡನಿಗೆ ಹೇಳಿರುತ್ತಿರಲಿಲ್ಲ. ಬಯಸಿ ಪಡೆದದ್ದು ಹಿಡಿಸಲಿಲ್ಲವೆಂದು ಹೇಳುವುದು ಸುಲಭವಲ್ಲ. ನೆದ್ಕಾ ಅದನ್ನು ಕೇಳಿಸಿಕೊಂಡು, ಅವಮಾನವಾಗದ ಹಾಗೆ ಬರೆದುಕೊಳ್ಳುತ್ತಿದ್ದರು.

ಸಹೋದ್ಯೋಗಿಗಳಿಗೆ ಅವರು ಮಾಡಿದ ಉಪಕಾರಗಳು ಅನೇಕ. ನನಗೆ ಮಾಡಿದ ಒಂದನ್ನು ಮಾತ್ರ ಇಲ್ಲಿ ವಿವರವಾಗಿ ಬರೆಯುತ್ತೇನೆ. ಇದನ್ನು ನಾನು ಹಿಂದೆಂದೂ ಬರೆದಿಲ್ಲ.

೨೦೧೧ರ ಬೇಸಿಗೆಯಲ್ಲಿ ನಾನೂ ನನ್ನ ಗಂಡ ಲ್ಯುಬೆನ್ ಕೂಡ ನಮ್ಮ ಮನೆಯ ಗೋಡೆಗಳನ್ನು ಒಡೆಸಿದೆವು. ಮನೆ ನನ್ನ ಮಾವನವರದು. ಅವರು ತೀರಿಕೊಂಡಿದ್ದರು. ಮೇಲಂತಸ್ತಿನಲ್ಲಿ ನಾವಿಬ್ಬರು, ಆರು ವರ್ಷದ ಮಗಳು ಯಾನಾ ಮತ್ತು ನನ್ನ ಅತ್ತೆ ಗೆನಾ. ಕೆಳ ಅಂತಸ್ತಿನಲ್ಲಿ ಮಾವನ ತಮ್ಮ ಮಿಂಚೊ ಚಿಕ್ಕಪ್ಪ. ಅತ್ತೆಯ ಪುಟ್ಟ ಕೋಣೆಯೂ ಆ ಒಡೆತದಲ್ಲಿ ಹೋಯಿತು. ಅವರ ಮಂಚಕ್ಕೆ ಕಿಟಕಿಯ ಪಕ್ಕ ಒಂದು ಪರದೆ ಕಟ್ಟಿಕೊಟ್ಟೆವು. ಧೂಳಿನ ನಡುವೆ ನಿಂತು ಅವರು ಕೇಳಿದ್ದು ನೆನಪಿದೆ. "ಮುಚ್ಚೋಕೆ ಬಾಗಿಲೇ ಇಲ್ದಿರೋ ಮನೇನ ಹ್ಯಾಗಮ್ಮಾ ಬೆಚ್ಚಗಿಡ್ತೀಯ?"

"ಅದು ನನ್ನ ಕೆಲಸ ಅತ್ತೆ, ನಂಗೆ ಬಿಡಿ," ಎಂದಿದ್ದೆ.

ಗ್ಯಾಸ್ ಬಾಯ್ಲರ್ ಬಂತು, ಆರು ರೇಡಿಯೇಟರ್ ಬಂದವು. ಕೋಣೆಯ ಶಾಖ ಅಳೆದು ಬಾಯ್ಲರಿಗೆ ಉರಿ ಎಂದೋ ಸಾಕು ಎಂದೋ ಹೇಳುವ ಥರ್ಮೋಸ್ಟಾಟ್ ಬಂತು. ಅದಕ್ಕೆ ಜಾಗ ಆರಿಸಿದವಳು ನಾನು. ಕಿಟಕಿಯಿಂದ ದೂರ, ಅಡುಗೆ ಒಲೆಯಿಂದ ದೂರ, ಬಿಸಿಲು ಬೀಳದ, ಎದೆಯೆತ್ತರದ ಜಾಗವೆಂದು ಪುಸ್ತಕ ಹೇಳುತ್ತದೆ. ಹಾಗೆ ನೋಡಿದರೆ ಆ ಕೋಣೆಯಲ್ಲಿ ಒಡೆಯಲಾಗದೆ ಉಳಿದದ್ದು ಒಂದೇ ಗೋಡೆ, ನಟ್ಟನಡುವಿನ ಹೊಗೆಗೂಡಿನ ಇಟ್ಟಿಗೆ ಕಂಬ. ಹಳೆಯ ಒಲೆ ತೆಗೆಸಿ ಎರಡು ವರ್ಷವಾಗಿತ್ತು. ಅಲ್ಲೇ ಹಾಕಿಸಿದೆ.

ನವೆಂಬರಿನಿಂದ ಮನೆ ತಣ್ಣಗಾಗತೊಡಗಿತು. ಬೆಳಿಗ್ಗೆ ಬೆಚ್ಚಗಿರುತ್ತಿತ್ತು. ಸಂಜೆ ಎಂಟಕ್ಕೆ ನಾನು ಕಚೇರಿಯಿಂದ ಬರುವ ಹೊತ್ತಿಗೆ ಮೇಜಿನ ಮೇಲಿನ ಉಷ್ಣಮಾಪಕ ಹದಿನೇಳಕ್ಕೆ ಇಳಿದಿರುತ್ತಿತ್ತು, ಮಲಗುವ ಹೊತ್ತಿಗೆ ಹದಿನೈದು. ಶನಿವಾರ, ಭಾನುವಾರ ಮಾತ್ರ ದಿನವಿಡೀ ಹಿತ. ಅಂದರೆ, ನಾನೂ ಲ್ಯುಬೆನನೂ ಮನೆಯಲ್ಲಿರುವ ದಿನ ಬೆಚ್ಚಗೆ. ಅತ್ತೆ ಮಗುವಿನೊಂದಿಗೆ ಒಬ್ಬರೇ ಇರುವ ದಿನ ತಣ್ಣಗೆ. ಲೆಕ್ಕ ಎಷ್ಟು ಸುಲಭವಾಗಿ ಕೂಡಿತೆಂದರೆ, ನಾನು ಬೇರೆ ಲೆಕ್ಕ ಹಾಕಲೇ ಇಲ್ಲ.

ನಮ್ಮೂರಿನ ಮೇಲೆ ಹಳೆಯದೊಂದು ತಮಾಷೆಯಿದೆ. ಬೆಕ್ಕು ಒಳಬರುವಾಗ ಬಾಗಿಲು ಬೇಗ ಮುಚ್ಚಲಿ, ಶಾಖ ಹೊರಹೋಗದಿರಲಿ ಎಂದು ಬೆಕ್ಕಿನ ಬಾಲವನ್ನೇ ಕತ್ತರಿಸಿದವರು ನಾವಂತೆ. ಬೇರೆಯವರು ಹೇಳಿದರೆ ನಗುತ್ತೇವೆ. ನಮ್ಮನಮ್ಮಲ್ಲಿ ಅದನ್ನು ಅರ್ಧ ನಂಬುತ್ತೇವೆ. ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ ಮಿಂಚೊ ಚಿಕ್ಕಪ್ಪ ಕೂಗುತ್ತಿದ್ದರು: "ಏನ್ ಅತ್ತಿಗೆ, ಮನೇಲಿ ಇವತ್ತೆಷ್ಟು ಬಾಲ ಕುಯ್ದೆ? ಸೊಸೆ ಮೂಗು ಕೆಂಪಗಾಗಿದೆ ನೋಡು!" ಅತ್ತೆ ಸೆರಗಿನಂತೆ ಶಾಲು ಎಳೆದುಕೊಂಡು, "ನಿನ್ನ ನಾಲಿಗೆ ಕುಯ್ಬೇಕಿತ್ತು ಮೊದ್ಲು," ಎಂದು ಒಳಗೆ ಹೋಗುತ್ತಿದ್ದರು. ಸಾಬೂನಿನ ಚೂರುಗಳನ್ನು ಒತ್ತಿ ಹೊಸ ಸಾಬೂನು ಮಾಡುವ ಹೆಂಗಸು ಅವರು. ಗೋಡೆ ಒಡೆದದ್ದು ಅವರಿಗೆ ಬೇಡವಾಗಿತ್ತು. ಜಿಪುಣತನವೋ ಸೇಡೋ, ಎರಡರಲ್ಲಿ ಒಂದು ಎಂದುಕೊಂಡೆ.

ನಾನು ಕೇಳಿದೆ. ಅವರು ಮುಟ್ಟಿಲ್ಲವೆಂದರು. ಆಮೇಲೆ ನಾನು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಥರ್ಮೋಸ್ಟಾಟಿನ ತಿರುಗುಗುಂಡಿಗೆ ಅಡ್ಡವಾಗಿ ನನ್ನದೇ ತಲೆಗೂದಲೊಂದನ್ನು ಅಂಟಿಸಿ ಕಚೇರಿಗೆ ಹೋದೆ. ಸಂಜೆ ಬಂದಾಗ ಮನೆ ತಣ್ಣಗಿತ್ತು, ಕೂದಲು ಇದ್ದಲ್ಲೇ ಇತ್ತು. ಅವರ ಮೇಲಿನ ಸಂಶಯ ಅಲ್ಲಿಗೆ ಮುಗಿಯಬೇಕಿತ್ತು. ನನಗೆ ತೋಚಿದ್ದು ಬೇರೆ: ನೋಡಿಬಿಟ್ಟಿದ್ದಾರೆ, ತಮ್ಮ ಕೆಲಸ ಮುಗಿಸಿ ಮತ್ತೆ ಅಂಟಿಸಿದ್ದಾರೆ. ಅಂದಿನಿಂದ ಅವರ ಜಾಣತನಕ್ಕೂ ಹೆದರತೊಡಗಿದೆ. ಅವರು ನಕ್ಕರೆ ಯಾಕೆ ನಕ್ಕರು, ಬೇಗ ಮಲಗಿದರೆ ಯಾಕೆ ಮಲಗಿದರು ಎಂದು ಯೋಚಿಸಿದೆ. ಒಂದೇ ಒಲೆಯ ಮೇಲೆ ಇಬ್ಬರೂ ಅಡುಗೆ ಮಾಡುತ್ತ, ಒಬ್ಬರನ್ನೊಬ್ಬರು ಮರೆಮಾಡಲು ಒಂದು ಬಾಗಿಲೂ ಇಲ್ಲದೆ, ಆ ಚಳಿಗಾಲ ಕಳೆದೆವು.

ಜನವರಿಯಲ್ಲಿ ಯಾನಾಗೆ ಎರಡನೆಯ ಸಲ ಎದೆ ಕಟ್ಟಿತು. ಅಂದು ನಾನು ಲ್ಯುಬೆನನಿಗೆ ಹೇಳಿದೆ: ಅತ್ತೆ ಸೆವ್ಲಿಯೆವೊದಲ್ಲಿರುವ ಮಗಳ ಮನೆಗೆ ಹೋಗಲಿ. ಚಳಿ ಮುಗಿಯುವವರೆಗೆ ಎಂದು ಬಾಯಲ್ಲಿ ಹೇಳಿದೆ. ಹೋದವರು ತಿರುಗಿ ಬರುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಐವತ್ತು ವರ್ಷ ಬಾಳಿದ ಮನೆಯಿಂದ ಹೊರಡಲು ಅತ್ತೆ ಒಂದು ಸಣ್ಣ ಪೆಟ್ಟಿಗೆಯಷ್ಟೇ ಕಟ್ಟಿಕೊಂಡರು. ಶನಿವಾರ ಹೊರಡುವುದೆಂದಾಯಿತು.

ಶುಕ್ರವಾರ, ಮರುದಿನ ಅತ್ತೆಯನ್ನು ಸೆವ್ಲಿಯೆವೊಗೆ ಕಳಿಸಬೇಕೆಂದು ಹೇಳಿ, ಬೇಗ ಮನೆಗೆ ಹೋಗಲು ನೆದ್ಕಾ ಅವರ ಅನುಮತಿ ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಜನವರಿ ಹಿಮದಲ್ಲಿ ಮುದುಕೀನ ಊರು ಬಿಡಿಸ್ತೀಯ? ಯಾಕೆ?"

"ಅಲ್ಲಿ ಆರಾಮಾಗಿರ್ತಾರೆ ಮೇಡಂ."

"ಅದು ಉತ್ತರ ಅಲ್ಲ ಹುಡುಗಿ. ಗಿರಾಕಿಗಳು ನಂಗೆ ಹೀಗೇ ಹೇಳ್ತಾರೆ. ನಿಜ ಹೇಳು ಗಿಂಕಾ."

ಹೇಳಿದೆ. ವಾರದ ದಿನ ಚಳಿ, ರಜೆಯ ದಿನ ಬೆಚ್ಚಗೆ, ತಲೆಗೂದಲು, ಎಲ್ಲ. ಅವರು ಕೇಳಿದ್ದು ಒಂದೇ: "ಅಳೆದಿದ್ದೀಯ?" ಊರವರ ಮನೆಗಳನ್ನೆಲ್ಲ ಅಳೆಯುವ ನಾನು, ಮೇಜಿನ ಉಷ್ಣಮಾಪಕದತ್ತ ಕಣ್ಣು ಹಾಯಿಸಿದ್ದು ಬಿಟ್ಟರೆ, ನನ್ನ ಮನೆಯನ್ನು ಅಳೆದಿರಲಿಲ್ಲ. ಸಂಜೆ ಯಾವಾಗ ಇಳಿಯುತ್ತದೆಂಬುದೂ ಗೊತ್ತಿರಲಿಲ್ಲ. ಯಾರು ಇಳಿಸುತ್ತಾರೆಂದು ಗೊತ್ತಿದ್ದರೆ ಸಾಕೆಂದುಕೊಂಡಿದ್ದೆ. ಅವರು ಕೋಟು ಹಾಕಿಕೊಂಡರು. ಕರೆಯದೆ ನಮ್ಮ ಮನೆಗೆ ಬಂದದ್ದು ಅದೊಂದೇ ಸಲ.

ನಾಲ್ಕೂವರೆಗೆ ತಲುಪಿದೆವು. ಫೋನು ಮಾಡಿದ್ದರಿಂದ ಲ್ಯುಬೆನನೂ ಬಂದಿದ್ದ. ಅತ್ತೆ ಉಣ್ಣೆಯ ಚಪ್ಪಲಿ ಮುಂದಿಟ್ಟರು. ನೆದ್ಕಾ ದಾಟಿ ಒಳನಡೆದರು. "ಬೇಡ್ವಂತಾ?" ಎಂದರು ಅತ್ತೆ ನನ್ನ ಕಡೆ ತಿರುಗಿ. "ನಿಮ್ಮ ಇಂಜಿನಿಯರಮ್ಮಂಗೆ ನನ್ನ ಚಪ್ಪಲಿ ಮೇಲೂ ಅನುಮಾನವೋ?"

"ನಂಗೆ ನಿಮ್ಮ ನೆಲದ ಮೇಲೆ ಅನುಮಾನ, ಗೆನಾ ಅವ್ರೇ. ನಿಮ್ಮ ಮೇಲಲ್ಲ," ಎಂದರು ನೆದ್ಕಾ.

ಆ ಮನೆಯಲ್ಲಿ ಮೂರು ತಿಂಗಳಿಂದ ಯಾರೂ ಆಡದ ಮಾತದು. ಅತ್ತೆ ಲಿಂಡನ್ ಹೂವಿನ ಚಹಾ ಇಡಲು ಹೋದರು.

ಕೋಣೆ ಇಪ್ಪತ್ತೊಂದು ಡಿಗ್ರಿ ಇತ್ತು. ಲ್ಯುಬೆನ್ ಮೆಲ್ಲಗೆ ಗೊಣಗಿದ: "ನೋಡಿದ್ರಾ? ನಾವೆಲ್ಲ ಬಂದ ದಿನ ಬೆಚ್ಚಗಿದೆ." ನೆದ್ಕಾ ಪ್ರತಿ ರೇಡಿಯೇಟರನ್ನೂ ಮುಟ್ಟಿ ನೋಡಿದರು. ಗೋಡೆಗಳ ಮೇಲೆ ಅಂಗೈಯಿಟ್ಟು ನಡೆದರು. ಇಟ್ಟಿಗೆ ಕಂಬದ ಬಳಿ ನಿಂತು, ಥರ್ಮೋಸ್ಟಾಟ್ ನೋಡಿ, ನನ್ನನ್ನು ನೋಡಿದರು. "ಕೆಳಗೆ ಯಾರಿದ್ದಾರೆ?" ಎಂದು ಕೇಳಿದರು. "ಮಿಂಚೊ," ಎಂದರು ಅತ್ತೆ. "ಐದಕ್ಕೆ ಒಲೆ ಹಚ್ತಾನೆ, ಓಕ್ ಸೌದೆ. ಶನಿವಾರ ಬೆಳಿಗ್ಗೆ ತ್ರ್ಯಾವ್ನಾಗೆ ಮಗಳ ಮನೆಗೆ ಹೋದ್ರೆ ಸೋಮವಾರ ಬರ್ತಾನೆ." ಯಾರೂ ಕೇಳದ ಈ ವಿವರವನ್ನು ಅವರು ಸೌದೆಯ ಖರ್ಚಿನ ಬಗ್ಗೆ ಮೈದುನನನ್ನು ಆಡಿಕೊಳ್ಳಲೆಂದೇ ಹೇಳಿದ್ದಿರಬೇಕು. ನನಗೆ ಆಗಲೂ ಹೊಳೆಯಲಿಲ್ಲ.

"ಸರಿ, ಕೂರೋಣ," ಎಂದರು ನೆದ್ಕಾ. ಕೂತೆವು. ಕೆಳಗೆ ಸೌದೆ ಸೀಳುವ ಸದ್ದಾಯಿತು, ನಿಂತಿತು. ಚಹಾ ಆಯಿತು, ಚೀಸ್ ತುಂಬಿ ಬೇಯಿಸಿದ ಬನಿತ್ಸಾ ತಿಂದದ್ದಾಯಿತು. ಯಾನಾ ನಡುನಡುವೆ ಕೆಮ್ಮುತ್ತಿದ್ದಳು. ಆರಾಗುತ್ತಿದ್ದಂತೆ ಅತ್ತೆಗೆ ಏನೋ ಅರ್ಥವಾದಂತೆ ಕಂಡಿತು. ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿಟ್ಟರು.

"ನನ್ನ ಕೈ ಇಲ್ಲೇ ಇದೆ. ಎಲ್ರೂ ನೋಡ್ಕೊಳ್ಳಿ. ಆಮೇಲೆ ಕಣ್ಣು ತಪ್ಪಿಸಿ ಹೋದ್ಲು ಅನ್ಬೇಡಿ."

"ಅಮ್ಮ, ಯಾರು ಹಾಗಂದ್ರು..." ಎಂದ ಲ್ಯುಬೆನ್.

"ಅಂದಿಲ್ಲ ಕಣಪ್ಪ. ಪೆಟ್ಟಿಗೆ ಕಟ್ಸಿದ್ರಿ, ಅಷ್ಟೇ."

ಆರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಬಾಯ್ಲರ್ ನಿಂತಿತು. ಅಷ್ಟು ಹೊತ್ತಿನಿಂದ ಇದ್ದ ಗುಂಯ್‌ಗುಟ್ಟುವಿಕೆ ಇಲ್ಲವಾದಾಗಲೇ ನಮಗೆ ಅದು ಕೇಳಿಸಿದ್ದು. ಮೂವರ ಕಣ್ಣೂ ಒಮ್ಮೆಗೇ ಆ ಕೈಗಳ ಕಡೆ ತಿರುಗಿದವು. ಉಬ್ಬಿದ ನರಗಳ, ಉಗುರು ಸವೆದ ಕೈಗಳು ಇದ್ದಲ್ಲೇ ಇದ್ದವು. ರೇಡಿಯೇಟರುಗಳು ತಣ್ಣಗಾಗುತ್ತ ಬಂದವು. ಕೋಣೆ ಇಪ್ಪತ್ತಕ್ಕಿಳಿಯಿತು, ಹತ್ತೊಂಬತ್ತಕ್ಕಿಳಿಯಿತು. ಕಂಬದ ಮೇಲೆ, ಥರ್ಮೋಸ್ಟಾಟಿನ ಪಕ್ಕ, ನೆದ್ಕಾ ಸಿಕ್ಕಿಸಿಟ್ಟಿದ್ದ ಉಷ್ಣಮಾಪಕ ಮಾತ್ರ ಇಪ್ಪತ್ತನಾಲ್ಕು ತೋರಿಸುತ್ತಿತ್ತು.

ನೆದ್ಕಾ ಎದ್ದು ನನ್ನ ಮಣಿಕಟ್ಟು ಹಿಡಿದು ಕರೆದೊಯ್ದು, ನನ್ನ ಅಂಗೈಯನ್ನು ಇಟ್ಟಿಗೆಯ ಮೇಲಿಟ್ಟರು. ಜ್ವರ ಬಂದ ಮಗುವಿನ ಬೆನ್ನಿನಷ್ಟು ಬಿಸಿಯಿತ್ತು. ನಮ್ಮ ಒಲೆ ಹೋಗಿತ್ತು, ಹೊಗೆಗೂಡು ಹೋಗಿರಲಿಲ್ಲ. ಚಿಕ್ಕಪ್ಪನ ಒಲೆಯ ಹೊಗೆ ನಮ್ಮ ಕೋಣೆಯ ನಡುವಿನಿಂದಲೇ ಮೇಲೆ ಹೋಗುತ್ತಿತ್ತು. ಅವರು ಬೆಂಕಿ ಹಚ್ಚಿದ ದಿನ ಕಂಬ ಕಾದು, ಥರ್ಮೋಸ್ಟಾಟ್ ಮನೆಯೆಲ್ಲ ಕಾದಿದೆಯೆಂದುಕೊಂಡು ಬಾಯ್ಲರನ್ನು ನಿಲ್ಲಿಸುತ್ತಿತ್ತು. ಅವರು ಊರಿಗೆ ಹೋದ ದಿನ ಸುಮ್ಮನಿರುತ್ತಿತ್ತು.

ಥರ್ಮೋಸ್ಟಾಟನ್ನು ಅಲ್ಲಿ ಹಾಕಿದವರು ಯಾರೆಂದು ನೆದ್ಕಾ ಕೇಳಬಹುದಿತ್ತು. ಅದು ನಾನೇ ಎಂದು ಅವರಿಗೆ ಗೊತ್ತಿತ್ತು; ಹತ್ತಾರು ಮನೆಗಳಲ್ಲಿ, ಕಚೇರಿಯವರೆಲ್ಲರ ಎದುರೇ, ಇಂಥ ತಪ್ಪು ಮಾಡಿದವರ ನೀರಿಳಿಸಿದ್ದನ್ನು ನಾನು ಕಂಡಿದ್ದೆ. ನನ್ನ ಗಂಡ ಆಗಲೇ, "ಹಾಗಾದ್ರೆ ಮೆಷೀನೇ ಸರಿಯಿಲ್ಲ," ಎಂದು ಸಮಾಧಾನದ ಉಸಿರು ಬಿಟ್ಟಿದ್ದ. ಮಾತನ್ನು ಅಲ್ಲಿಗೇ ಬಿಟ್ಟಿದ್ದರೂ ಅತ್ತೆ ಉಳಿಯುತ್ತಿದ್ದರು, ನನ್ನ ಮಾನವೂ ಉಳಿಯುತ್ತಿತ್ತು. ನೆದ್ಕಾ ಕುರ್ಚಿಗೆ ಮರಳಿ, ತಣ್ಣಗಾದ ಚಹಾವನ್ನು ಕೈಗೆತ್ತಿಕೊಂಡು ಹೇಳಿದರು: "ನಂಗೆ ಗೊತ್ತಾಗಿದ್ದು ಇಷ್ಟು. ಉಳಿದಿದ್ದು ಗಿಂಕಾ ಹೇಳ್ತಾಳೆ. ಅವಳೂ ಕಲಿತವಳೇ."

ನನ್ನನ್ನು ನಂಬಿ ಹಾಗೆಂದರೋ, ಪರೀಕ್ಷಿಸಲು ಹಾಗೆಂದರೋ, ಇಂದಿಗೂ ತಿಳಿಯದು. ಅಂಗೈ ಇನ್ನೂ ಇಟ್ಟಿಗೆಯ ಮೇಲಿತ್ತು. ತಿರುಗಿ ನೋಡದೆ ಹೇಳಿದೆ.

"ಮೆಷೀನ್ ಸರಿಯಾಗಿದೆ. ಇಲ್ಲಿ ಹಾಕ್ಸಿದ್ದು ನಾನು. ಕೆಳಗಿನ ಒಲೆ ನೆನಪು ಮಾಡ್ಕೊಳ್ಳಲಿಲ್ಲ. ಅಳೀಲೂ ಇಲ್ಲ. ಅತ್ತೆ, ನೀವು ಮಾಡಿದ್ದು ಅಂದ್ಕೊಂಡಿದ್ದೆ."

ಅತ್ತೆ ಮೇಜಿನ ಮೇಲಿನ ಕೈಗಳನ್ನು ನಿಧಾನ ಎತ್ತಿ ಮಡಿಲಿಗಿಟ್ಟುಕೊಂಡರು. ಕೊನೆಗೆ, "ಕೂದಲು ನೋಡಿದ್ದೆ," ಎಂದರು. "ಒರಸೋಕೆ ಹೋದೋಳು ಬಿಟ್ಟೆ. ನಿಂದೇ ಕೂದಲು ಅಂತ ಗೊತ್ತಾಯ್ತು. ಆಮೇಲೆ ಆ ಕಂಬದ ಹತ್ರಾನೇ ಹೋಗಿಲ್ಲ ನಾನು."

ಅವರು ಒಮ್ಮೆ ಅದರ ಹತ್ತಿರ ಹೋಗಿ ಬೆನ್ನು ಒರಗಿಸಿದ್ದರೆ ಸಾಕಿತ್ತು, ಇಟ್ಟಿಗೆಯ ಬಿಸಿ ಅವರಿಗೇ ತಿಳಿಯುತ್ತಿತ್ತು. ಹೋಗದ ಹಾಗೆ ಮಾಡಿದವಳು ನಾನು.

ನೆದ್ಕಾ ಆ ರಾತ್ರಿಯ ಮಟ್ಟಿಗೆ ಥರ್ಮೋಸ್ಟಾಟನ್ನು ಕಂಬದಿಂದ ಬಿಚ್ಚಿ, ತಂತಿಯೆಳೆದು ಕಪಾಟಿಗೆ ಸಿಕ್ಕಿಸಿದರು. ಬಾಯ್ಲರ್ ಮತ್ತೆ ಹತ್ತಿಕೊಂಡಿತು. ಅವರು ಹೊರಡುವಾಗ ಬಾಗಿಲಲ್ಲಿ ನಿಂತು ಲ್ಯುಬೆನ್, "ಅಮ್ಮ, ನಾಳೆ...?" ಎಂದು ಅರ್ಧಕ್ಕೆ ನಿಲ್ಲಿಸಿದ. ಅತ್ತೆ ಪೆಟ್ಟಿಗೆಯ ಹಗ್ಗ ಬಿಚ್ಚುತ್ತಿದ್ದರು.

"ಹೋಗಲ್ಲ. ಇವಳು ಇನ್ನೇನೇನು ತಪ್ಪು ಜಾಗದಲ್ಲಿ ಇಡ್ತಾಳೋ, ನೋಡ್ಕೊಳ್ಳೋಕೆ ಒಬ್ರು ಬೇಕಲ್ಲ."

ಕ್ಷಮಿಸಿದೆನೆಂದು ಅವರು ಹೇಳಲಿಲ್ಲ, ಆ ವಾರವಿಡೀ ನನ್ನೊಂದಿಗೆ ಮಾತೂ ಆಡಲಿಲ್ಲ. ಮರುವಾರ ಕಚೇರಿಯ ಕಾಗದದಲ್ಲಿ, ಬೇರೆ ಗಿರಾಕಿಗಳಿಗೆ ಕೊಡುವ ಹಾಗೆಯೇ, ನೆದ್ಕಾ ನನಗೊಂದು ವರದಿ ಕೊಟ್ಟರು. ಥರ್ಮೋಸ್ಟಾಟ್ ಕಪಾಟಿನಿಂದ ವೃದ್ಧೆ ಕೂರುವ ಕುರ್ಚಿಯ ಬಳಿಗೆ ಬರಬೇಕು. ಕಿಟಕಿ ಬುಡದ ರೇಡಿಯೇಟರಿಗೆ ಬೇರೆಯದೇ ಹತೋಟಿ ಬೇಕು. ವೃದ್ಧೆಯ ಮಂಚವಿರುವ ಪೂರ್ವಭಾಗವನ್ನು ಹಲಗೆಯಿಂದ ಬೇರ್ಪಡಿಸಿದರೆ ಒಮ್ಮೆಗೆ ಕಾಯಿಸಬೇಕಾದ ಗಾಳಿ ಮೂರರಲ್ಲಿ ಒಂದು ಭಾಗ ಕಡಿಮೆಯಾಗುತ್ತದೆ. ಆ ಹಲಗೆಗೆ ಬಾಗಿಲಿರಲಿ, ಚಿಲಕ ಒಳಗಡೆಯಿರಲಿ ಎಂದು ಕೊನೆಯ ಸಾಲು. ಚಿಲಕಕ್ಕೂ ಶಾಖಕ್ಕೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. ಬಡಗಿಯನ್ನು ಕರೆಸಿದೆ. ಬಾಗಿಲು ನಿಂತ ದಿನ ಅತ್ತೆ ಅದನ್ನು ಒಳಗಿನಿಂದ ಹಾಕಿ ತೆಗೆದು, ಹಾಕಿ ತೆಗೆದು ನೋಡಿ, ಹೊರಬಂದು ನನ್ನನ್ನು ಊಟಕ್ಕೆ ಕರೆದರು.

ಇಂಥ ಮನೆಗಳು ಈ ಪಟ್ಟಣದಲ್ಲಿ ಎಷ್ಟೋ ಇವೆ. ಹೆಚ್ಚಿನವರು ಬರೆಯುವವರಲ್ಲವಾದ್ದರಿಂದ ಅವರೆಲ್ಲರ ಪರವಾಗಿ ಇದನ್ನು ದಾಖಲಿಸಿದ್ದೇನೆ. ಗೌರವಾನ್ವಿತ ನೆದ್ಕಾ ಸಾರಂದೆವಾ ಅವರು ನಾಳೆಯಿಂದ ಕಚೇರಿಗೆ ಬರುವುದಿಲ್ಲವೆಂದು ನಿವೃತ್ತಿ ಸಮಾರಂಭದ ಆಹ್ವಾನಪತ್ರ ಹೇಳುತ್ತದೆ, ನಾನು ನಂಬುವುದಿಲ್ಲ. ಅವರ ಪಾದಗಳು ಬಹುಕಾಲ ಗಟ್ಟಿಯಾಗಿರಲಿ, ನಮ್ಮ ನೆಲಗಳನ್ನು ಓದುತ್ತಿರಲಿ. ನಾವು ಖಚಿತವೆಂದು ಹೇಳಿದ್ದನ್ನೆಲ್ಲ ಅವರು ಇನ್ನೂ ಹಲವು ಚಳಿಗಾಲ ಅಳೆದು ನೋಡುತ್ತಿರಲಿ ಎಂದು ಹಾರೈಸುತ್ತೇನೆ.

ನನ್ನ ಅತ್ತೆಗೆ ಈಗ ಎಂಬತ್ತಮೂರು. ಈ ಲೇಖನ ಬರೆಯುತ್ತಿದ್ದೇನೆಂದಾಗ ತಮ್ಮ ಕೋಣೆಯ ಬಾಗಿಲು ತೆರೆದು ಹೊರಗೆ ಬಂದು, ನನ್ನ ಹಿಂದೆ ನಿಂತು, ಹೇಳಿದರು:

"ಇಂಜಿನಿಯರಮ್ಮಂಗೆ ದೇವರು ನೂರು ವರ್ಷ ಕೊಡ್ಲಿ ಅಂತ ಬರಿ."

"ಬರೀತೀನಿ ಅತ್ತೆ."

"ನಾನು ಅದನ್ನ ಮುಟ್ಟಿರಲಿಲ್ಲ ಅಂತಾನೂ ಬರಿ."

ಎರಡನ್ನೂ ಬರೆದಿದ್ದೇನೆ.